ಥರ್ಡ್ ಕ್ಲಾಸಿನವರ ಅಂಗಿ ಹರಿದದ್ದು ನಾನೇ

ಸಂಪಾದಕರಿಗೆ ನಮಸ್ಕಾರ,

ಕಳೆದ ವಾರ ನಿಮ್ಮ ಪೇಪರಿನ ಕಾಸರಗೋಡು ಪುಟದಲ್ಲಿ ಒಂದು ಶಾಲೆಯ ವಾರ್ಷಿಕೋತ್ಸವದ ಫೋಟೋ ಬಂದಿತ್ತು, ಮಕ್ಕಳು ಟೈಟಾನಿಕ್ ಹಡಗಿನ ನಾಟಕ ಮಾಡಿದ್ದು. ಶಾಲೆ ಹೆಸರು ನಾನು ಬರೆಯುವುದಿಲ್ಲ, ಮಕ್ಕಳು ಚಂದ ಮಾಡಿದ್ದಾರೆ, ಅವರದ್ದೇನೂ ತಪ್ಪಿಲ್ಲ. ಆದ್ರೆ ಫೋಟೋದ ಅಡಿಯಲ್ಲಿ ನೀವು ಹರಕು ಬಟ್ಟೆಯ ಥರ್ಡ್ ಕ್ಲಾಸ್ ಪ್ರಯಾಣಿಕರು ಅಂತ ಹಾಕಿದ್ದೀರಲ್ಲ, ಆ ಬಟ್ಟೆ ಹೊಲಿದದ್ದು ನಾನೇ, ಹರಿದದ್ದೂ ನಾನೇ, ಅದಕ್ಕೇ ಈ ಕಾಗದ.

ನಾಟಕಕ್ಕೆ ಎರಡೇ ದಿನ ಇರುವಾಗ ಟೀಚರು ಅಂಗಡಿಗೆ ಬಂದ್ರು. ಫಸ್ಟ್ ಕ್ಲಾಸಿನವರಿಗೆ ಸ್ಯಾಟಿನಿನಲ್ಲಿ ನಾಲ್ಕು ಉದ್ದ ಗೌನು, ಥರ್ಡ್ ಕ್ಲಾಸಿನವರಿಗೆ ಗೋಣಿ ಬಣ್ಣದ್ದು ಎಂಟು ಅಂಗಿ, ಅಲ್ಲಲ್ಲಿ ತೇಪೆ, ಮೊಣಕೈ ಹತ್ರ ಹರಿದಿರ್ಬೇಕು. ನಾನು ಹೇಳಿದೆ, ಟೀಚರೇ, ಅಷ್ಟು ದೂರ ಹೊರಟವರು ಹರಕು ಹಾಕ್ಕೊಂಡು ಹೋಗಿರ್ಲಿಕ್ಕಿಲ್ಲ ಅಂತ. ಯಾರು ಬಡವರು ಅಂತ ಹಿಂದಿನ ಸಾಲಿನವರಿಗೂ ಗೊತ್ತಾಗ್ಬೇಕಲ್ವಾ ಅಂದ್ರು. ಮತ್ತೆಂತ ಮಾಡುದು, ಹೊಸ ಬಟ್ಟೆ ಹೊಲಿದು ಕಾಜ ಮಾಡಿ ಗುಂಡಿ ಇಟ್ಟು, ಕೊನೆಗೆ ಕತ್ತರಿ ಹಾಕಿ ಎಳೆದೆ. ನಲ್ವತ್ತು ವರ್ಷದ ಕಸುಬಿನಲ್ಲಿ ಅದೇ ಮೊದಲು.

ನಮ್ಮ ಕುಂಬಳೆ, ಮೊಗ್ರಾಲ್, ಕಾಸರಗೋಡು ಕಡೆಯವರಿಗೆ ಇದನ್ನು ಬಿಡಿಸಿ ಹೇಳ್ಬೇಕಾ? ಬೊಂಬಾಯಿಗೆ ಹೋಗಿ ಅಲ್ಲಿಂದ ಹಡಗು ಹತ್ತಿ ಗಲ್ಫಿಗೆ ಹೋದವರು ನಮ್ಮಲ್ಲಿ ಎಷ್ಟು ಜನ ಇಲ್ಲ. ಅಪ್ಪ ಅಂಗಡಿ ನಡೆಸುವ ಕಾಲದಲ್ಲಿ, ಟಿಕೆಟಿಗೆ ಹೆಂಡತಿಯ ಬಳೆ ಅಡವಿಟ್ಟವನು ಕೂಡ ಹೊರಡುವ ಮೊದಲು ಒಂದು ಪ್ಯಾಂಟು ಎರಡು ಶರ್ಟು ಹೊಲಿಸ್ತಿದ್ದ, ದುಡ್ಡು ಅಲ್ಲಿಂದ ಕಳಿಸ್ತೇನೆ ಅಂತಿದ್ದ, ಕೆಲವರು ಕಳಿಸಿದ್ರು, ಕೆಲವರದ್ದು ಇನ್ನೂ ಅಪ್ಪನ ಪುಸ್ತಕದಲ್ಲೇ ಉಂಟು. ಮನೆಯಲ್ಲಿ ಗಂಜಿಗೆ ಉಪ್ಪಿಲ್ಲದಿದ್ರೂ ಇಳಿಯುವ ಊರಿನಲ್ಲಿ ನಾಲ್ಕು ಜನ ನೋಡ್ತಾರಲ್ಲ.

ಗಾಂಧೀಜಿ ಕೂಡ ಹಾಗೇ ಮಾಡಿದ್ದು. 1888ರಲ್ಲಿ ಬೊಂಬಾಯಿಯಿಂದ ಇಂಗ್ಲೆಂಡಿಗೆ ಹೋಗುವಾಗ ಹಡಗಿನಲ್ಲಿ ಇಡೀ ಕಪ್ಪು ಸೂಟು, ಗೆಳೆಯರು ಮಾಡಿಸಿಕೊಟ್ಟ ಬಿಳಿ ಫ್ಲಾನೆಲ್ ಸೂಟನ್ನು ಇಳಿಯುವ ದಿನಕ್ಕೆ ಅಂತ್ಲೇ ತೆಗೆದಿಟ್ಟಿದ್ರು. ಸೌತಾಂಪ್ಟನ್ನಿನಲ್ಲಿ ಇಳಿದು ನೋಡಿದ್ರೆ ಸೆಪ್ಟೆಂಬರ್ ಕೊನೆ, ಬಿಳಿ ಹಾಕಿದವರು ಇವರೊಬ್ರೇ. ಪೆಟ್ಟಿಗೆಯೆಲ್ಲ ಬೇರೆಯವರ ಕೈಗೆ ಕೊಟ್ಟಾಗಿತ್ತು, ಬದಲಿಸ್ಲಿಕ್ಕೂ ಇಲ್ಲ. ಎಷ್ಟು ನಾಚಿಕೆ ಆಯ್ತು ಅಂತ ಅವರೇ ಬರೆದಿದ್ದಾರೆ.

ಈಗ ಟೈಟಾನಿಕ್ ವಿಷಯ. 1912 ಏಪ್ರಿಲ್ 10ಕ್ಕೆ ಅದು ಸೌತಾಂಪ್ಟನ್ ಬಿಟ್ಟಾಗ ಥರ್ಡ್ ಕ್ಲಾಸಿನಲ್ಲಿ ಇದ್ದವರು ಹೆಚ್ಚಿನವರು ಅಮೆರಿಕದಲ್ಲಿ ಹೊಸ ಬದುಕು ಕಟ್ಟಲಿಕ್ಕೆ ಹೊರಟ ಕೂಲಿಯವರು, ಬಡಗಿಗಳು, ಮನೆಕೆಲಸದ ಹುಡುಗಿಯರು. ಫ್ರಾನ್ಸಿಸ್ ಬ್ರೌನ್ ಅಂತ ಒಬ್ಬರು ಐರ್ಲೆಂಡಿನ ಕ್ವೀನ್ಸ್‌ಟೌನ್ ತನಕ ಹೋಗಿ ಅಲ್ಲೇ ಇಳಿದ್ರು, ಹಾಗಾಗಿ ಅವರೂ ಉಳಿದ್ರು, ತೆಗೆದ ಫೋಟೋಗಳೂ ಉಳಿದವು. ಅದರಲ್ಲಿ ಹಡಗಿನ ಹಿಂಬದಿ ಡೆಕ್ಕಿನಲ್ಲಿ ನಿಂತ ಥರ್ಡ್ ಕ್ಲಾಸಿನವರನ್ನು ನೋಡಿ, ಕೋಟು ಉಂಟು, ತಲೆಗೆ ಕ್ಯಾಪು ಉಂಟು. ಆಗ ಅಲ್ಲಿ ಯಾರು ಎಂತ ಅಂತ ತಲೆ ನೋಡಿಯೇ ಹೇಳ್ತಿದ್ರು, ಕೂಲಿಯವರಿಗೆ ಚಪ್ಪಟೆ ಕ್ಯಾಪು, ಗುಮಾಸ್ತರಿಗೆ ಗುಂಡಗಿನ ಬೌಲರ್ ಹ್ಯಾಟು, ದೊಡ್ಡವರಿಗೆ ಸಿಲ್ಕಿನ ಎತ್ತರದ ಹ್ಯಾಟು, ನಮ್ಮಲ್ಲಿ ತಳಂಗರೆ ಟೊಪ್ಪಿ ನೋಡಿ ಊರು ಹೇಳುವ ಹಾಗೆ. ವ್ಯತ್ಯಾಸ ಇತ್ತು, ಇಲ್ಲ ಅಂತ ಯಾರು ಹೇಳ್ತಾರೆ, ಆದ್ರೆ ಅದು ತೋಳಿನ ಉದ್ದದಲ್ಲಿ, ಹೆಗಲು ಕೂತ ರೀತಿಯಲ್ಲಿ, ಅಣ್ಣನ ಕೋಟು ತಮ್ಮ ಹಾಕಿದ್ದರಲ್ಲಿ, ಟೇಲರಿನ ಕಣ್ಣಿಗೆ ಮೊದಲು ಬೀಳುವುದು ಅದೇ.

ಅವರಿಗೆ ಬಟ್ಟೆ ಚಂದ ಇಟ್ಕೊಳ್ಳುವುದು ಬರೀ ಮರ್ಯಾದೆಯ ವಿಷಯ ಆಗಿರ್ಲಿಲ್ಲ. ನ್ಯೂಯಾರ್ಕಿಗೆ ಮುಟ್ಟಿದ ಮೇಲೆ ಫಸ್ಟ್, ಸೆಕೆಂಡ್ ಕ್ಲಾಸಿನವರನ್ನು ಹಡಗಿನಲ್ಲೇ ನೋಡಿ ಬಿಟ್ಟುಬಿಡ್ತಿದ್ರು, ಥರ್ಡ್ ಕ್ಲಾಸಿನವರು ಮಾತ್ರ ಎಲ್ಲಿಸ್ ಐಲ್ಯಾಂಡ್ ಅನ್ನುವ ತಪಾಸಣೆಯ ದ್ವೀಪಕ್ಕೆ ಹೋಗಿ ಕ್ಯೂ ನಿಲ್ಲಬೇಕು. ಇವನು ದುಡಿದು ತಿನ್ನುವವನಲ್ಲ, ಸರ್ಕಾರಕ್ಕೆ ಹೊರೆ ಆಗ್ತಾನೆ ಅಂತ ಅಧಿಕಾರಿಗೆ ಅನಿಸಿದ್ರೆ ವಾಪಸ್ ಕಳಿಸ್ಲಿಕ್ಕೆ ಕಾನೂನೇ ಇತ್ತು. ಅಂಥಾ ಜಾಗಕ್ಕೆ ಹರಕು ಅಂಗಿಯಲ್ಲಿ ಯಾರು ಹೋಗ್ತಾರೆ ಹೇಳಿ. ಅಲ್ಲಿ ಡಾಕ್ಟ್ರು ಸಾಲಿನಲ್ಲಿ ನಡೆದು ಬರುವವರನ್ನು ನೋಡಿ ಸಂಶಯ ಬಂದವರ ಕೋಟಿನ ಮೇಲೆ ಚಾಕ್‌ಪೀಸಿನಲ್ಲಿ ಇಂಗ್ಲಿಷ್ ಅಕ್ಷರ ಬರೀತಿದ್ರು, ಹಾರ್ಟಿಗೆ ಎಚ್, ಕಣ್ಣಿಗೆ ಇ, ಕುಂಟುವವರಿಗೆ ಎಲ್, ತಲೆ ಸರಿ ಇಲ್ಲ ಅನಿಸಿದ್ರೆ ಎಕ್ಸ್. ಕೆಲವರು ಉಪಾಯ ಮಾಡಿ ಕೋಟನ್ನು ತಿರುವಿ ಒಳಮೈ ಹೊರಗೆ ಮಾಡಿ ಹಾಕಿ ದಾಟಿದ್ರಂತೆ. ಇದನ್ನು ಓದಿದ ದಿನ ನಾನು ಕೈಯಲ್ಲಿದ್ದ ಚಾಕ್‌ಪೀಸನ್ನು ಸ್ವಲ್ಪ ಹೊತ್ತು ಕೆಳಗಿಟ್ಟೆ. ನಾವು ಚಾಕ್‌ಪೀಸು ಎಳೆಯುವುದು ಬಟ್ಟೆ ಮೈಗೆ ಸರಿ ಕೂರ್ಲಿ ಅಂತ. ಮತ್ತೆ ಕೋಟು ತಿರುವಿ ಹಾಕ್ಬೇಕಾದ್ರೆ ಒಳಗೆ ಲೈನಿಂಗು ನೆಟ್ಟಗಿರ್ಬೇಕಲ್ಲ!

ಫಸ್ಟ್ ಕ್ಲಾಸಿನವರದ್ದು ಬೇರೆಯೇ ಲೋಕ. ಹೆಂಗಸರು ದಿನಕ್ಕೆ ಮೂರು ನಾಲ್ಕು ಸಲ ಬದಲಿಸ್ತಿದ್ರು, ಡೆಕ್ಕಿನಲ್ಲಿ ನಡೀಲಿಕ್ಕೆ ಒಂದು, ಚಾಯಕ್ಕೆ ಒಂದು, ರಾತ್ರಿ ಊಟಕ್ಕೆ ಇನ್ನೊಂದು. ಪ್ರಯಾಣದಲ್ಲಿ ಬೇಡದ ಪೆಟ್ಟಿಗೆಗೆ ನಾಟ್ ವಾಂಟೆಡ್ ಅಂತ ಚೀಟಿ ಅಂಟಿಸಿ ಕೆಳಗೆ ಇಳಿಸುವುದು. ಶಾರ್ಲಟ್ ಕಾರ್ಡೀಜಾ ಅನ್ನುವವರು 14 ಟ್ರಂಕು ತಂದಿದ್ರು, ಬದುಕಿ ಬಂದ ಮೇಲೆ, ಮುಳುಗಿ ಹೋದ ಸಾಮಾನಿಗೆ 1,77,352 ಡಾಲರ್ ಪರಿಹಾರ ಕೇಳಿದ್ರು. ಥರ್ಡ್ ಕ್ಲಾಸಿನ 700 ಜನಕ್ಕೆ ಸ್ನಾನದ ತೊಟ್ಟಿ ಇದ್ದದ್ದು ಎರಡು.

ಹಡಗು ಮುಳುಗಿದ ಮೇಲೆ ಹೆಣ ಎತ್ತಲಿಕ್ಕೆ ಕೆನಡಾದ ಹ್ಯಾಲಿಫ್ಯಾಕ್ಸಿನಿಂದ ಮೆಕೆ ಬೆನೆಟ್ ಅಂತ ಇನ್ನೊಂದು ಹಡಗು ಹೋಯ್ತು. ಅದಕ್ಕೆ 306 ಹೆಣ ಸಿಕ್ಕಿತು, 116ನ್ನು ಅಲ್ಲೇ ಸಮುದ್ರಕ್ಕೆ ಬಿಟ್ರು. ಫಸ್ಟ್ ಕ್ಲಾಸಿನವರಿಗೆ ಪೆಟ್ಟಿಗೆ, ಉಳಿದ ಪ್ರಯಾಣಿಕರಿಗೆ ಕ್ಯಾನ್ವಾಸ್ ಚೀಲ. ಕಿಸೆಯಲ್ಲಿ ಏನೂ ಸಿಗದವರ ಅಂತಸ್ತನ್ನು ಬಟ್ಟೆ ನೋಡಿ ಅಂದಾಜು ಮಾಡುವುದು. ನಾಲ್ಕನೇ ನಂಬರಿನದ್ದು ಒಂದು ಮಗು, ಸುಮಾರು ಎರಡು ವರ್ಷದ ಗಂಡು. ಅದರ ಬಟ್ಟೆಯ ಪಟ್ಟಿ ಹೀಗುಂಟು: ಕಾಲರಿಗೂ ಕಫ್ಫಿಗೂ ತುಪ್ಪಳ ಇಟ್ಟ ಬೂದು ಕೋಟು, ಕಂದು ಸರ್ಜಿನ ಫ್ರಾಕು, ಒಳಲಂಗ, ಫ್ಲಾನೆಲಿನದ್ದೊಂದು, ಗುಲಾಬಿ ಉಣ್ಣೆಯ ಬನಿಯನು, ಕಾಲುಚೀಲ, ಕಂದು ಶೂಸು. ಆಗ ಸಣ್ಣ ಗಂಡು ಮಕ್ಕಳಿಗೂ ಫ್ರಾಕೇ ಹಾಕ್ತಿದ್ರು. ಇಷ್ಟೆಲ್ಲ ಬರೆದು ಕೊನೆಗೆ "ಬಹುಶಃ ಥರ್ಡ್ ಕ್ಲಾಸ್" ಅಂತ ಬರೆದಿದ್ದಾರೆ.

ನೋಡಿ ಸಾರ್, ತುಪ್ಪಳದ ಕಾಲರು. ಏಪ್ರಿಲ್ ಚಳಿಗೆ ಮಗುವಿಗೆ ಒಂದರ ಮೇಲೊಂದು ಐದು ಬಟ್ಟೆ ಹಾಕಿ ಗುಂಡಿ ಹಾಕಿದ ಅಮ್ಮ ಯಾರು ಅಂತ 95 ವರ್ಷ ಗೊತ್ತಾಗ್ಲಿಲ್ಲ. ನೆನಪಿಗೆ ಅಂತ ಜನ ಕದ್ದು ಮಾರ್ತಾರೆ ಅಂತ ಹೆದರಿ ಸತ್ತವರ ಬಟ್ಟೆ ಸುಡ್ಲಿಕ್ಕೆ ಹೇಳಿದ್ರಂತೆ, ನಾರ್ತೋವರ್ ಅನ್ನುವ ಪೊಲೀಸಿನವರಿಗೆ ಆ ಸಣ್ಣ ಶೂಸನ್ನು ಬೆಂಕಿಗೆ ಹಾಕ್ಲಿಕ್ಕೆ ಮನಸ್ಸು ಬರ್ಲಿಲ್ಲ, ಮೇಜಿನ ಡ್ರಾಯರಿನಲ್ಲಿ ಇಟ್ರು, 2002ರಲ್ಲಿ ಅವರ ಮೊಮ್ಮಗ ಮ್ಯೂಸಿಯಮಿಗೆ ಕೊಟ್ರು. 13 ತಿಂಗಳ ಬೇರೆ ಒಂದು ಮಗು ಅಂತ ಅಂದಾಜು ಮಾಡಿದ್ದವರಿಗೆ ಶೂಸು ಆ ಮಗುವಿನ ಕಾಲಿಗೆ ದೊಡ್ಡದಾಯ್ತಲ್ಲ ಅಂತ ಸಂಶಯ ಬಂತು, ಪುನಃ ಡಿಎನ್‌ಎ ನೋಡಿ 2007ರಲ್ಲಿ 19 ತಿಂಗಳ ಸಿಡ್ನಿ ಗುಡ್ವಿನ್ ಅಂತ ಗೊತ್ತಾಯ್ತು. ಅಪ್ಪ ಅಮ್ಮ ಆರು ಮಕ್ಕಳು, ಎಂಟು ಜನವೂ ಥರ್ಡ್ ಕ್ಲಾಸ್, ಒಬ್ರೂ ಉಳಿಯಲಿಲ್ಲ.

ನನ್ನ ಭಾವ ಉದುಮದವರು, ಮರ್ಚೆಂಟ್ ನೇವಿಯಲ್ಲಿದ್ದು ರಿಟೈರ್ ಆದವರು, ಹ್ಯಾಲಿಫ್ಯಾಕ್ಸಿನಲ್ಲಿ ಆ ಶೂಸನ್ನು ಗಾಜಿನ ಹಿಂದೆ ನೋಡಿದ್ದಾರೆ. ನಿಮ್ಮ ಫೋಟೋ ತೋರಿಸಿದೆ, ಎಂತದೂ ಮಾತಾಡ್ಲಿಲ್ಲ, ಪೇಪರು ಮಡಚಿ ವಾಪಸ್ ಕೊಟ್ರು.

ಫೋಟೋದ ಅಡಿಬರಹ ತಿದ್ದಿ ಒಂದು ಸಾಲು ಹಾಕಿದ್ರೆ ಉಪಕಾರ. ಆ ಶಾಲೆಯವರು ಮುಂದಿನ ವರ್ಷವೂ ಇದೇ ನಾಟಕ ಮಾಡುವುದಿದ್ರೆ ಥರ್ಡ್ ಕ್ಲಾಸಿನ ಎಂಟು ಕೋಟು ನಾನು ಮಜೂರಿ ಇಲ್ಲದೆ ಹೊಲಿದು ಕೊಡ್ತೇನೆ, ಸಣ್ಣ ಮಗುವಿನದ್ದಕ್ಕೆ ತುಪ್ಪಳದ ಕಾಲರೂ ಇಡ್ತೇನೆ. ಆದ್ರೆ ಅಳತೆ ಹದಿನೈದು ದಿನ ಮೊದಲೇ ಕೊಡ್ಬೇಕು, ಎರಡು ದಿನ ಇರುವಾಗ ಬಂದ್ರೆ ಆಗ್ಲಿಕ್ಕಿಲ್ಲ.

ಇತಿ,
ಒಬ್ಬ ಹಳೆ ಟೇಲರ್, ಕುಂಬಳೆ