ಪಕ್ಕದ್ಮನೆ ಅಜ್ಜಿಯ ರೇಷನ್ ಬುಕ್ಕು

ಎಲ್ರಿಗೂ ನಮಸ್ಕಾರ. ಹೋದ್ ಸಂಚಿಕೆಗೆ ಬಾಲ್ಯದ ನೆನಪು ಬರೆದು ಕಳ್ಸಿ ಅಂದಿದ್ದಕ್ಕೆ ತೀರ್ಥಹಳ್ಳಿ, ಧಾರವಾಡ, ಬಸವನಗುಡಿ ಅಂತ ರಾಶಿ ರಾಶಿ ಬಂತು, ತುಂಬಾ ಖುಷಿ ಆಯ್ತು. ಆದ್ರೆ ನಾವು ಮಾರ್ಟ್‌ಗೇಜ್ ಕಟ್ಕೊಂಡು ವಾಸ ಮಾಡ್ತಿರೋ ಲಂಡನ್ನಿನ ಹ್ಯಾರೋ ಕಡೆಯ ಈ ಸೆಮಿ (ಒಂದು ಗೋಡೆ ಹಂಚ್ಕೊಂಡ ಜೋಡಿ) ಮನೆಗಳಲ್ಲೂ ನಮಗಿಂತ ಮುಂಚೆ ಮಕ್ಕಳು ಬೆಳೆದಿದ್ದಾರಲ್ವಾ, ಅವರ ಕಥೆ ನಮ್ಮಲ್ಲಿ ಎಷ್ಟು ಜನ ಕೇಳಿದ್ದೀವಿ?

ನಮ್ಮ ಪಕ್ಕದ್ಮನೆ ಅಜ್ಜಿ ಇದೇ ಬೀದೀಲಿ ಹುಟ್ಟಿದೋರು, ಎರಡನೇ ಮಹಾಯುದ್ಧ ಮುಗಿದಾಗ ಇನ್ನೇನು ಸ್ಕೂಲಿಗೆ ಸೇರೋ ವಯಸ್ಸು. ಯುದ್ಧ ಗೆದ್ದೋರು, ಆಮೇಲೆ ಸುಖವಾಗಿದ್ದಿರಬೇಕು ಅಂತ ನಮ್ಮ ಮಕ್ಕಳು ಅಂದ್ಕೊಂಡಿರ್ತಾರೆ. ಎಲ್ಲಿ ಸುಖ! ಯುದ್ಧ ನಡೀವಾಗ ಇಲ್ಲದಿದ್ದ ಬ್ರೆಡ್ ರೇಷನ್ 1946ರಲ್ಲಿ ಶುರುವಾಗಿ 1948ರವರೆಗೂ ಇತ್ತು, ಮಾಂಸದ ರೇಷನ್ ಹೋಗಿದ್ದು 1954ರ ಜುಲೈನಲ್ಲಿ. ಚಾಕ್ಲೇಟು, ಮಿಠಾಯಿಗಳದ್ದಂತೂ ಇನ್ನೂ ಪಾಪ, 1949ರ ಏಪ್ರಿಲ್‌ನಲ್ಲಿ ರೇಷನ್ ತೆಗೆದ್ರು, ಜನ ಮುಗಿಬಿದ್ರು, ಸಾಲದೇ ಹೋಗಿ ಆಗಸ್ಟ್‌ನಲ್ಲಿ ಮತ್ತೆ ಹಾಕಿದ್ರು, ಪೂರ್ತಿ ತೆಗೆಯೋ ಹೊತ್ತಿಗೆ 1953ರ ಫೆಬ್ರವರಿ. ತಕ್ಕಡಿ ಮುಳ್ಳು ಸರಿಯಾಗಿ ನಿಲ್ಲಲಿ ಅಂತ ಅಂಗಡಿಯವನು ಪೆಪ್ಪರ್‌ಮಿಂಟನ್ನ ಅರ್ಧಕ್ಕೆ ಮುರಿದು ಹಾಕ್ತಿದ್ದನಂತೆ, ಮಹಾ ಜಿಪುಣ ಅಂತ ಅಜ್ಜಿ ಈಗ್ಲೂ ಬೈತಾರೆ. ಸೊಸೈಟಿಯವನ ಸೀಮೆಎಣ್ಣೆ ಅಳತೆ ಬಗ್ಗೆ ನಮ್ಮಜ್ಜಿ ಬೈತಿದ್ದಿದ್ದೂ ಇದೇ ರಾಗದಲ್ಲಿ.

ಸೆಂಟ್ರಲ್ ಹೀಟಿಂಗ್ ಅನ್ನೋದು ಆಗ ಈ ಬೀದೀಲಿ ಯಾರ ಮನೇಲೂ ಇರ್ಲಿಲ್ಲ. ಕಲ್ಲಿದ್ದಲು ಉರಿಸೋ ರೂಮೊಂದು ಬೆಚ್ಚಗೆ, ಉಳಿದಿದ್ದೆಲ್ಲ ಐಸು. ಬೆಳಿಗ್ಗೆ ಎದ್ರೆ ಕಿಟಕಿ ಗಾಜಿನ ಒಳಮೈ ಮೇಲೆ ಹಿಮ ರಂಗೋಲಿ ಬಿಟ್ಟಿರ್ತಿತ್ತಂತೆ, ಅಣ್ಣ ತಂಗಿ ಉಗುರಲ್ಲಿ ಕೆರೆದು ಅದರ ಮೇಲೆ ಹೆಸರು ಬರೀತಿದ್ರಂತೆ, ಯೂನಿಫಾರ್ಮನ್ನ ರಾತ್ರಿ ಹಾಸಿಗೆ ಒಳಗೇ ಇಟ್ಕೊಂಡು ಬೆಳಿಗ್ಗೆ ಹೊದಿಕೆ ಒಳಗೇ ಹಾಕ್ಕೊಂಡು ಕೆಳಗಿಳಿಯೋದು. ಮನೆಮನೆಯ ಕಲ್ಲಿದ್ದಲ ಹೊಗೆನೂ ಸೇರ್ಕೊಂಡೇ 1952ರ ಡಿಸೆಂಬರ್‌ನಲ್ಲಿ ಲಂಡನ್ ಮೇಲೆ ಆ ಭಯಂಕರ ಸ್ಮಾಗ್ (ಹೊಗೆ ಬೆರೆತ ಮಂಜು) ಕೂತಿದ್ದು, ಐದು ದಿನ, ಸಾವಿರಾರು ಜನ ಸತ್ರು. ಅಪ್ಪ ಟಾರ್ಚ್ ಹಿಡ್ಕೊಂಡು ಕಾಂಪೌಂಡ್ ಗೋಡೆ ತಡವ್ತಾ ಮನೆಗೆ ಬಂದ್ರು, ಕರ್ಚೀಫು ಕಪ್ಪಗಾಗಿತ್ತು ಅಂತಾರೆ ಅಜ್ಜಿ. ಈ ಹೊಗೆಗೆ ಕಡಿವಾಣ ಹಾಕೋ ಕ್ಲೀನ್ ಏರ್ ಆಕ್ಟ್ ಬಂದಿದ್ದು 1956ರಲ್ಲಿ. ಈಗ ನಮ್ಮನೇಲಿ ಆ ಅಗ್ಗಿಷ್ಟಿಕೆ ಜಾಗ ಮುಚ್ಚಿಸಿ ದೇವರ ಮಂಟಪ ಇಟ್ಟಿದ್ದೀವಿ, ಅಜ್ಜಿ ನೋಡಿ ಒಳ್ಳೇ ಕೆಲಸ ಮಾಡಿದ್ರಿ, ಬೂದಿ ಬಾಚೋದು ತಪ್ತು ಅಂದ್ರು.

ಸ್ಕೂಲಲ್ಲಿ ಫ್ರೀ ಹಾಲು ಕೊಡ್ತಿದ್ರು, 1946ರ ಕಾನೂನಿನ ಪ್ರಕಾರ ಪ್ರತಿ ಮಗುಗೆ ದಿನಕ್ಕೆ ಮೂರನೇ ಒಂದು ಪಿಂಟ್, ಅಂದ್ರೆ ಸುಮಾರು 190 ಮಿಲಿ. ಚಳಿಗಾಲದಲ್ಲಿ ಬಾಟ್ಲಿಗಳನ್ನ ಬಿಸಿ ಪೈಪ್ ಪಕ್ಕ ಇಟ್ಟು ಉಗುರುಬೆಚ್ಚಗಿನ ವಾಸನೆ ಹಾಲು ಕುಡಿಸ್ತಿದ್ರಂತೆ, ಅಜ್ಜಿ ಇವತ್ತಿಗೂ ಹಾಲು ಮುಟ್ಟಲ್ಲ.

ಆಗಿನ ಕಾಲ ಎಷ್ಟು ಚೆನ್ನಾಗಿತ್ತು, ಬಾಗಿಲಿಗೆ ಬೀಗನೇ ಹಾಕ್ತಿರ್ಲಿಲ್ಲ ಅನ್ನೋ ಮಾತು ಇಲ್ಲಿನ ಹಿರಿಯರ ಬಾಯಲ್ಲೂ ಬರತ್ತೆ, ನಾನಂತೂ ಪೂರ್ತಿ ನಂಬಲ್ಲ. ಅಜ್ಜೀನ ಕೇಳಿದ್ರೆ "ಕದಿಯೋಕೆ ಏನಿತ್ತು ಮಣ್ಣು" ಅನ್ನೋ ಅರ್ಥದಲ್ಲಿ ಏನೋ ಹೇಳಿ ನಕ್ಕರು.

ಸರಿ, ದೀಪಾವಳಿ ಸಂಚಿಕೆಗೆ ನಿಮ್ಮ ಅಕ್ಕಪಕ್ಕದ ಹಿರಿಯರನ್ನ ಮಾತಾಡಿಸಿ ಬರೀರಿ. ಹೋಗೋವಾಗ ಕೋಡುಬಳೆ ತಗೊಂಡು ಹೋಗಿ, ಖಾರ ಕಮ್ಮಿ ಇರ್ಲಿ. ಹಳೇ ಫೋಟೋ ಕೊಟ್ರೆ ಪರ್ಮಿಷನ್ ಕೇಳಿ ಕಳ್ಸಿ, ಮತ್ತೆ ದಯವಿಟ್ಟು ಯೂನಿಕೋಡ್‌ನಲ್ಲೇ ಟೈಪ್ ಮಾಡಿ, ಕೈಬರಹದ್ದು ಮೊಬೈಲಲ್ಲಿ ಫೋಟೋ ತೆಗೆದು ಕಳ್ಸಿದ್ರೆ ರಾತ್ರಿಯೆಲ್ಲ ಕೂತು ಟೈಪ್ ಮಾಡೋಳು ನಾನೇ.