ರೊಕ್ಕ ಕಟ್ಟ್ಯಾರ, ಲಾಗಿನ್ ಕೊಡ್ರಿ

ಸಂಪಾದಕರಿಗೆ ನಮಸ್ಕಾರ್ರಿ,

ನನ್ನ ಮಗಳು ಇಲ್ಲೇ ಸರ್ಕಾರಿ ಕಾಲೇಜಿನಾಗ ಎಂಎಸ್ಸಿ ಕೆಮಿಸ್ಟ್ರಿ ಓದ್ತಾಳ, ಪ್ರಾಜೆಕ್ಟಿಗೆ ಹಟ್ಟಿ ಕಡೆ ಬೋರ್‌ವೆಲ್ ನೀರಿನಾಗಿನ ಆರ್ಸೆನಿಕ್ ಅನ್ನೋ ವಿಷದ ವಿಷಯ ತಗೊಂಡಾಳ. ಒಂದಿನ ರಾತ್ರಿ ಹನ್ನೊಂದಾದ್ರೂ ಮೊಬೈಲ್ ಹಿಡ್ಕೊಂಡು ಮಾರಿ ಸಪ್ಪಗ ಮಾಡಿ ಕುಂತಿದ್ಲು, ಯಾಕವ್ವಾ ಅಂದ್ರ ಸ್ಕ್ರೀನ್ ತೋರಿಸಿದ್ಲು. ನಮ್ಮ ಜಿಲ್ಲೆ ನೀರಿನ ಮ್ಯಾಲೇ ಬರೆದ ಸಂಶೋಧನಾ ಪೇಪರ್ರು, ನಾಕು ಸಾಲು ಸಾರಾಂಶ ಅಷ್ಟ ಕಾಣ್ತದ, ಪೂರ್ತಿ ಓದಬೇಕಂದ್ರ 39 ಡಾಲರ್ ಕಟ್ಟು ಅಂತದ. ಮೂರು ಸಾವಿರ ರೂಪಾಯಿ ಮ್ಯಾಲಾತು, ಅದೂ ಒಂದೇ ಪೇಪರಿಗೆ. ನಾವು ಕುಡಿಯೋ ನೀರಿನ ಸುದ್ದಿ ನಾವೇ ಕೊಂಡು ಓದಬೇಕೇನ್ರಿ?

ಆಮ್ಯಾಲ ಕೃಷಿ ವಿವಿಯಾಗ ಓದೋ ಆಕಿ ಗೆಳತಿ ಹೇಳಿದ್ಲು, ಇದಕ್ಕ ಸರ್ಕಾರ ಮೊದಲ ರೊಕ್ಕ ಕಟ್ಟೇದ ಅಂತ. 'ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್' ಅಂತ ಯೋಜನೆ, 2025ರ ಜನವರಿಯಿಂದ ಶುರು ಆಗ್ಯಾದ, ಮೂರು ವರ್ಷಕ್ಕ 6,000 ಕೋಟಿ, 30 ಪ್ರಕಾಶಕರ ಹತ್ರ ಇಂಥ ಪೇಪರ್ ಅಚ್ಚು ಹಾಕೋ ಹದಿಮೂರು ಸಾವಿರದಷ್ಟು ಜರ್ನಲ್‌ಗೆ ಇಡೀ ದೇಶದ ಸರ್ಕಾರಿ ಕಾಲೇಜು ವಿವಿಗಳ ಪರವಾಗಿ ಒಂದೇ ಒಪ್ಪಂದ, ಗುಜರಾತಿನ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಅನ್ನೋ ಸಂಸ್ಥೆ ನೋಡ್ಕೋತದ. ಮೊದ್ಲು ದೊಡ್ಡ ಸಂಸ್ಥೆ ಲೈಬ್ರರಿಗಳಿಗೆ ಸಿಗ್ತಿದ್ದದ್ದು ಈಗ ನಮ್ಮ ಮಕ್ಕಳಿಗೂ ಸಿಗಬೇಕು, ಭಾಳ ಛಲೋ ಕೆಲಸ ಇದು, ಮನಸಾರೆ ಹೇಳ್ತೀನಿ.

ಆದ್ರ ಮಗಳ ಕ್ಲಾಸಿನಾಗ ಒಬ್ಬರಿಗೂ ಇದು ಗೊತ್ತಿಲ್ಲ! ಮೂರು ಸಲ ಲೈಬ್ರರಿಗೆ ಅಡ್ಡಾಡಿದ ಮ್ಯಾಲ ಲಾಗಿನ್ ಸಿಕ್ಕಿತು, ಅವತ್ತು ಸಂಜಿಮುಂದ ಅದೇ ಪೇಪರ್ ಪೈಸೆ ಇಲ್ದ ತೆರೀತು, ಆಕಿ ಅದರಾಗಿನ ಅಂಕಿ ಪಟ್ಟಿ ಮ್ಯಾಲ ಬೆರಳಿಟ್ಟು "ಅಪ್ಪಾ, ಆರ್ಸೆನಿಕ್ ಲೀಟರಿಗೆ 10 ಮೈಕ್ರೋಗ್ರಾಂ ದಾಟಬಾರ್ದು, ಇಲ್ನೋಡು" ಅಂತ ಒಂದೊಂದೇ ಊರಿನ ಲೆಕ್ಕ ಓದಿ ಹೇಳಿದ್ಲು. ನಾ ಹತ್ತನೇತ್ತ ಓದಿದಾಂವ, ನನಗೂ ತಿಳೀತು.

ಯಾರು ಎಷ್ಟು ಬಳಸ್ಯಾರ ಅನ್ನೋದನ್ನ ಆಗಾಗ ನೋಡ್ತಾರಂತ. ರಾಯಚೂರು ಕೊಪ್ಪಳದ ಕಾಲೇಜಿನಾಗ ಯಾರೂ ತೆರೀಲಿಲ್ಲ ಅಂದ್ರ, ಒಪ್ಪಂದ 2027ಕ್ಕ ಮುಗಿದಾಗ ಈ ಕಡೆಯವರಿಗೆ ಬೇಕಿಲ್ಲ ಅಂದುಬಿಟ್ರ ಏನ್ ಮಾಡೋದು? ಅದಕ್ಕ ಕಾಲೇಜುಗಳು ಅಡ್ಮಿಷನ್ ದಿನಾನೇ ಐಡಿ ಕಾರ್ಡ್ ಜೊತಿ ಲಾಗಿನ್ ಕೊಡ್ಲಿ, ಹೆಂಗ ಹುಡುಕಬೇಕು ಅಂತ ಒಂದು ತಾಸು ಕನ್ನಡದಾಗ ತೋರಿಸ್ಲಿ. ಸಿಂಧನೂರಿನಾಗ ಪ್ರೈವೇಟ್ ಕಾಲೇಜಿನಾಗಿರೋ ನಮ್ಮ ಅಕ್ಕನ ಮಗನಿಗೆ ಈ ಸೌಲಭ್ಯ ಇನ್ನೂ ಇಲ್ಲ, ಅವನಂಥೋರು ಬಂದು ಓದಾಕ ಜಿಲ್ಲಾ ಗ್ರಂಥಾಲಯದಾಗ ಒಂದು ಕಂಪ್ಯೂಟರಿನಾಗಾದ್ರೂ ಇದನ್ನ ಕೊಡಿಸ್ರಿ ಅಂತ ನಮ್ಮ ಸಂಸದರಿಗೆ ಕೇಳ್ಕೋತೀನಿ.

– ಒಬ್ಬ ಪಾಲಕ, ರಾಯಚೂರು