ಗ್ಯಾಸ್ಟ್ರಿಕ್ ಮಾತ್ರೆ ನುಂಗುವ ಮೊದಲು

ಮಾನ್ಯ ಸಂಪಾದಕರೇ,

ನಾನು ಪೀಣ್ಯದ ಗಾರ್ಮೆಂಟ್ಸ್ ಒಂದರಲ್ಲಿ ಟೈಲರ್. ಹೋದ ತಿಂಗಳು ಪಕ್ಕದ ಮಷೀನಿನ ಹುಡುಗಿಗೆ ಊಟದ ಡಬ್ಬಿ ತೆರೆದರೆ ಸಾಕು, ವಾಕರಿಕೆ. ಸುಸ್ತು, ಪದೇ ಪದೇ ಮೂತ್ರ. ಗ್ಯಾಸ್ಟ್ರಿಕ್ ಅಂತ ಸುಮ್ನೆ ಮಾತ್ರೆ ನುಂಗುತ್ತಿದ್ದಳು. ಮುಟ್ಟಿನ ದಿನ ದಾಟಿ ಹತ್ತು ದಿನ ಆಗಿತ್ತು! ನನ್ನ ಮೊದಲ ಬಸಿರಿನಲ್ಲೂ ಹೀಗೇ. ಆಗ ಕೇಳೋಣ ಅಂದರೆ ನನ್ನ ಅಮ್ಮ ಊರಲ್ಲಿದ್ದರು.

ಆ ಹುಡುಗಿ ಮೆಡಿಕಲ್ ಸ್ಟೋರಿನಿಂದ ಬಸಿರು ಪರೀಕ್ಷೆಯ ಕಿಟ್ ತಂದು ಬೆಳಗಿನ ಮೊದಲ ಮೂತ್ರದಲ್ಲಿ ನೋಡಿದಳು, ಎರಡು ಗೆರೆ, ಅಂದರೆ ಬಸಿರು. ನಮ್ಮ ಬೀದಿಯ ಆಶಾ ಆರೋಗ್ಯ ಕಾರ್ಯಕರ್ತೆ ಅಕ್ಕ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ತಾಯಿ ಕಾರ್ಡ್ ಮಾಡಿಸಿದರು. ಫೋಲಿಕ್ ಆಸಿಡ್ ಮಾತ್ರೆಯೂ ಸಿಕ್ಕಿತು. ಅದು ಮೊದಲ 3 ತಿಂಗಳು ತುಂಬಾ ಮುಖ್ಯ. ರಕ್ತ ಹೋದರೆ ಅಥವಾ ಕೆಳಹೊಟ್ಟೆ ಜೋರಾಗಿ ನೋವಾದರೆ ಯಾರಿಗೂ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಕಾರ್ಖಾನೆಗಳಲ್ಲಿ ಆಶಾ ಕಾರ್ಯಕರ್ತೆಯ ನಂಬರನ್ನು ಗೋಡೆಗೆ ಅಂಟಿಸಲಿ. ಇಲ್ಲಿ ಊರು ಬಿಟ್ಟು ಬಂದವರೇ ಜಾಸ್ತಿ ಅಲ್ವಾ?

— ಗಾರ್ಮೆಂಟ್ಸ್ ಕಾರ್ಮಿಕೆ, ಪೀಣ್ಯ, ಬೆಂಗಳೂರು